ಬಬಲೇಶ್ವರದಿಂದ ಬಂದ ಒಳಲೆ

ನಮ್ಮ ಮಾವನವರಿಗೆ ಹಳೆಯ ಬೆಳ್ಳಿಯ ಹುಚ್ಚು. ಯುದ್ಧದ ತುಟ್ಟಿ ಕಾಲದಲ್ಲಿ ಜನ ಮನೆಯ ಬೆಳ್ಳಿ ಮಾರುತ್ತಿದ್ದರು. ಅದು ವಿಜಾಪುರದ ಸ್ಟೇಷನ್ ರಸ್ತೆಯ ಸರಾಫರ ಕೈಸೇರಿ ಕರಗುವ ಮೊದಲೇ ಇವರು ಹಳ್ಳಿಹಳ್ಳಿ ತಿರುಗಿ ತಂಬಿಗೆ, ಗಿಂಡಿ, ಬಟ್ಟಲು ತಂದು ಟಿಕೋಟಾದ ನಮ್ಮ ಮನೆಯ ಗೂಡಿನಲ್ಲಿ ಸಾಲಾಗಿ ಇಡುತ್ತಿದ್ದರು. ತಾವು ಮಾತ್ರ ನೀರು ಕುಡಿಯುತ್ತಿದ್ದುದು ಹಿತ್ತಾಳೆ ಚಂಬಿನಲ್ಲಿ. ಅವರದೊಂದು ರೀತಿ ಇತ್ತು. ಮಾರುವವರು ಆ ಪಾತ್ರೆಯಲ್ಲಿ ಕೊನೆಯದಾಗಿ ಒಂದು ಗುಟುಕು ನೀರು ಕುಡಿದು ಕೊಡಬೇಕು. ಹಾಗೆ ಕೊಟ್ಟರೆ ಆ ಮನೆಯ ನಿಟ್ಟುಸಿರು ಬೆಳ್ಳಿಯ ಜೊತೆ ಬರುವುದಿಲ್ಲವಂತೆ.

ನನ್ನ ಚೊಚ್ಚಲ ಮಗಳಿಗೆ ಮೂರು ತಿಂಗಳಾಗಿದ್ದಾಗ ಬಬಲೇಶ್ವರದಿಂದ ಒಂದು ಒಳಲೆ ತಂದರು, ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು. ನಾನೇ ಆಸೆಪಟ್ಟು ಕೇಳಿ ತೆಗೆದುಕೊಂಡು, ಮಗಳಿಗೆ ಅದರಲ್ಲೂ ಹಾಲು ಕುಡಿಸತೊಡಗಿದೆ. ನಾಲ್ಕನೆಯ ದಿನ ಕೂಸಿಗೆ ಜ್ವರ. ಮೈ ಕಾದ ಹೆಂಚಾಯಿತು, ಮೊಲೆ ಹಿಡಿಯಲಿಲ್ಲ. ಆಗ ಮಾವನವರು ತಲೆ ತಗ್ಗಿಸಿ ಹೇಳಿದರು: “ಒಳಲಿ ಮಾರಿದಾಕಿ ನೀರು ಕುಡೀಲಿಲ್ಲವ್ವಾ. ಮಾರಿ ಅತ್ತಾಗ ತಿರುವಿ ಕೊಟ್ಟಳು. ನಾ ತಗೋಬಾರದಿತ್ತು.”

ಆ ಒಳಲೆಯಲ್ಲಿ ಮೊದಲು ಕುಡಿದ ಕೂಸು ಬದುಕಿದೆಯೇ? ಅದೊಂದು ತಿಳಿಯದೆ ಕೂತಲ್ಲಿ ಕೂರಲಾಗಲಿಲ್ಲ. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಬೆಳಗಾಗುತ್ತಲೇ ನಮ್ಮ ಯಜಮಾನರೊಂದಿಗೆ ಚಕ್ಕಡಿ ಹತ್ತಿದೆ.

ಮಾವನವರು ಹೇಳಿದ ಗುರುತು ಹಿಡಿದು ಹೋದಾಗ, ಬಬಲೇಶ್ವರದ ಆ ಹೆಂಗಸು ಜೋಳ ಕೇರುತ್ತಿದ್ದಳು. ಸೆರಗಿನಿಂದ ಒಳಲೆ ತೆಗೆದು ಕೇಳಿದೆ: “ಯವ್ವಾ, ಇದರಾಗ ಹಾಲು ಕುಡದ ಕೂಸು ಎಲ್ಲೈತಿ?”

ಅವಳು ಮೊರ ಕೆಳಗಿಟ್ಟಳು. “ನಿನ್ನ ಕೂಸಿಗಿ ಆರಾಮಿಲ್ಲೇನು?”

“ಜ್ವರಾ ಬಂದಾವ.”

“ಅದನ್ನ ಬಿಟ್ಟು ಇಲ್ಲೀಮಟಾ ಬಂದೀಯೇನ? ನಾನೂ ಹಿಂಗ, ಯಾರ ಕಣ್ಣು ಬಿದ್ದಾವಂತ ಕೇಳಾಕ ಊರೂರು ತಿರಗಿದ್ನಿ. ಮನಿಗಿ ಬರೂದ್ರಾಗ ನನ್ನ ಕೂಸು ಹೋಗಿತ್ತು. ಒಳಲಿ ಏನ್ ಮಾಡತೈತವ್ವಾ? ಮದಲ ಮನಿಗಿ ಹೋಗು.”

ನಿಂತ ಕಾಲಲ್ಲೇ ಚಕ್ಕಡಿ ತಿರುಗಿಸಿದೆವು. ಎಷ್ಟು ಹೊಡೆದರೂ ಎತ್ತುಗಳು ನಡೆದಷ್ಟೇ ನಡೆದವು. ಎದುರಿಗೆ ಯಾರು ಕಂಡರೂ ಸುದ್ದಿ ಹೇಳಲು ಬಂದವರೆಂದೇ ಹೆದರಿದೆ. ಹೊತ್ತು ಮುಳುಗುವಾಗ ಓಣಿ ಹೊಕ್ಕೆವು. ಮನೆಯ ಮುಂದೆ ಜನ ಸೇರಿರಲಿಲ್ಲ. ಆದರೂ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿತು, ಹಸಿದ ಕೂಸಿನ ಅಳು. ಓಡಿದೆ. ಬಾಯಿಗಿಟ್ಟ ಕೂಡಲೇ ಮಗಳು ಗಟ್ಟಿಯಾಗಿ ಮೊಲೆ ಹಿಡಿದಳು.

“ಮಧ್ಯಾಹ್ನದಿಂದ ಅಳಾಕತ್ತೈತಿ,” ಅತ್ತೆ ಬೈಯತೊಡಗಿದರು, “ತಾಯಿ ಅನಿಸ್ಕೊಂಡಾಕಿ ಬಟ್ಟಲಾ ಹಿಡಕೊಂಡು ಊರು ತಿರಗಾಕತ್ತಾಳ!”

ತಲೆ ಬಗ್ಗಿಸಿ ಬೈಸಿಕೊಂಡೆ. ಬಬಲೇಶ್ವರದ ಆ ತಾಯಿ ಮನೆಗೆ ಮರಳಿದ ದಿನ, ಅವಳನ್ನು ಬೈಯಲು ಯಾರಿಗೂ ಬಾಯಿ ಬಂದಿರಲಿಕ್ಕಿಲ್ಲ.