ಹಿಂದಿರುಗಿದ ನಾಲ್ಕನೆಯ ಹಡಗು

2019ರ ಬೇಸಿಗೆ. ಆಗ ನಾನು ಅಮೆರಿಕದ ಹೇವರ್ಡ್‌ನ ಒಂದು ಪುನಶ್ಚೇತನ ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳನ್ನು ಅವರ ಮನೆಯಲ್ಲೇ ಕಂಡು ಚಿಕಿತ್ಸೆ ಮುಂದುವರಿಸುವುದು ನನ್ನ ಪಾಲಿನ ಕೆಲಸ. ಮೈಸೂರಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಇದೇ ವೃತ್ತಿಯಲ್ಲಿ ತಲೆ ನರೆತು, ನಿವೃತ್ತಿಯ ಮಾತು ಮನೆಯಲ್ಲಿ ಆಗಾಗ ಬರುತ್ತಿದ್ದ ಕಾಲ. ಊರಿನ ಬಂಧುಗಳು ‘ಮಾತು ಕಲಿಸೋ ಟೀಚರ್ರಾ ನೀನು?’ ಎಂದು ಕೇಳಿದರೆ ಹೌದು ಎಂದುಬಿಡುತ್ತಿದ್ದೆ. ಪೂರ್ತಿ ವಿವರಿಸಲು ಹೊರಟರೆ ಅವರ ಕಾಫಿ ಆರಿಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ನನಗೆ ವಹಿಸಿದ ಹೊಸ ರೋಗಿ ಪಾಲೋ ಆಲ್ಟೋದಲ್ಲಿದ್ದರು. ಅವರನ್ನು ಇಲ್ಲಿ ಆರ್ಥರ್ ಎಂದು ಕರೆಯುತ್ತೇನೆ. ಹಡಗುಗಳ ಹೆಸರುಗಳನ್ನೂ ಬದಲಿಸಿದ್ದೇನೆ. ಆರ್ಥರ್ ಇಂಗ್ಲೆಂಡಿನಲ್ಲಿ ಹುಟ್ಟಿ, ಎಂಜಿನಿಯರ್ ಆಗಿ ಬಂದು ಇಲ್ಲೇ ನೆಲೆಸಿದವರು. ಎಪ್ಪತ್ತು ದಾಟಿತ್ತು. ವಸಂತದಲ್ಲಿ ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿ ಬಲಗೈ ಸೋತಿತ್ತು, ಮಾತು ನಿಂತಿತ್ತು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಇದರಲ್ಲಿ ಬುದ್ಧಿ ಸ್ಪಷ್ಟವಾಗಿರುತ್ತದೆ, ಎದುರಿನವರು ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ, ಏನು ಹೇಳಬೇಕೆಂಬುದೂ ಗೊತ್ತಿರುತ್ತದೆ. ಅದಕ್ಕೆ ಬೇಕಾದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಆರ್ಥರ್‌ಗೆ ‘ಯೆಸ್’, ‘ನೋ’ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಎಷ್ಟೋ ರೋಗಿಗಳಿಗೆ ಬರೆಯುವುದು ಸಾಧ್ಯವಾಗುವುದಿಲ್ಲ, ಅವರಿಗೂ ಆಗುತ್ತಿರಲಿಲ್ಲ.

ಮೊದಲ ಭೇಟಿಯಲ್ಲಿ ಹೆಸರು ಹೇಳಿಸಲು ನಾನು ತೆಗೆದಿಟ್ಟ ಲೋಟ, ನಾಯಿ, ಕುರ್ಚಿಯ ಚಿತ್ರಗಳನ್ನು ಅವರು ನೋಡಿ ಮುಖ ತಿರುಗಿಸಿದರು. ಎರಡನೆಯ ಭೇಟಿಯಲ್ಲೂ ಹಾಗೆಯೇ. ಪ್ರಗತಿ ಕಾಣದಿದ್ದರೆ ವಿಮೆಯವರು ಭೇಟಿಗಳನ್ನು ನಿಲ್ಲಿಸಿಬಿಡುತ್ತಾರೆ. ಆರ್ಥರ್ ಅವರ ಹೆಂಡತಿ ಜೋನ್ ನನ್ನನ್ನು ಬಾಗಿಲವರೆಗೆ ಬಿಡಲು ಬಂದಾಗ ಮೆಲ್ಲಗೆ ಹೇಳಿದರು:

“ಅವರಿಗೆ ಕೋಪ ನಿಮ್ಮ ಮೇಲಲ್ಲ. ಒಂದು ಪುಸ್ತಕ ಬರೀತಾ ಇದ್ದರು. ಮುಗಿಸಿ ಪ್ರಕಾಶಕರಿಗೆ ಕಳಿಸಿದ್ದರಷ್ಟೇ, ಹೀಗಾಯಿತು.”

ಪುಸ್ತಕ ಬ್ರಿಟಿಷ್ ನೌಕಾಪಡೆಯ ಒಂದು ಕ್ರೂಸರ್ ದಳದ ಚರಿತ್ರೆ. ದೊಡ್ಡ ಯುದ್ಧನೌಕೆಗಳಿಗಿಂತ ಹಗುರ, ಹೆಚ್ಚು ವೇಗದ ಹಡಗುಗಳಿಗೆ ಕ್ರೂಸರ್ ಎನ್ನುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಅಂಥ ನಾಲ್ಕು ಹಡಗುಗಳ ಒಂದು ದಳ ಹಿಂದೂ ಮಹಾಸಾಗರದಲ್ಲಿ ಸರಕುಹಡಗುಗಳಿಗೆ ಕಾವಲಾಗಿ ಓಡಾಡುತ್ತಿತ್ತು. ಆಸ್ಟ್ರಿಡ್, ಹಾಲ್‌ಬ್ರೂಕ್, ಮೆರಿಡನ್, ಟಾರ್ವಿಕ್. ಒಂದರ ಹಿಂದೆ ಒಂದು, ಯಾವಾಗಲೂ ಇದೇ ಸಾಲು. ಆರ್ಥರ್ ಅವರ ತಂದೆ ಮುಂದಿನ ಹಡಗಾದ ಆಸ್ಟ್ರಿಡ್‌ನಲ್ಲಿ ಸಂಕೇತ ರವಾನಿಸುವ ನಾವಿಕ. ಯುದ್ಧ ಮುಗಿಸಿ ಮನೆಗೆ ಬಂದ ಮೇಲೆ ಅವರು ಮಗನನ್ನು ಮಲಗಿಸುವಾಗ ಕಥೆ ಹೇಳುತ್ತಿರಲಿಲ್ಲವಂತೆ. ಆ ನಾಲ್ಕು ಹೆಸರನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರಂತೆ.

ಜೋನ್ ಇದನ್ನು ಹೇಳಿದಾಗ ನಾನು ಬಾಗಿಲಲ್ಲೇ ನಿಂತೆ. ಮಾತು ಕಳೆದುಕೊಂಡವರಲ್ಲೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಉಳಿದಿರುವುದುಂಟು. ಹೆಸರು ಹೇಳಲಾಗದವರು ವಾರದ ದಿನಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ, ಹಾಡು ಹಾಡುತ್ತಾರೆ. ವಾಪಸ್ ಒಳಗೆ ಹೋಗಿ, ಆರ್ಥರ್ ಎದುರು ಕೂತು, ಅವರ ಎಡಗೈಯನ್ನು ಮೇಜಿನ ಮೇಲೆ ತಾಳದ ಹಾಗೆ ತಟ್ಟಿಸುತ್ತಾ “ಆಸ್ಟ್ರಿಡ್” ಎಂದೆ.

ಅವರು ನನ್ನನ್ನೇ ನೋಡಿದರು. ತುಟಿ ಅಲುಗಿತು. ಆಮೇಲೆ ತಡೆಯಿಲ್ಲದೆ ಬಂತು: “ಹಾಲ್‌ಬ್ರೂಕ್, ಮೆರಿಡನ್, ಟಾರ್ವಿಕ್.”

ಜೋನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬಾಯಿಪಾಠದಲ್ಲಿ ಬರುವ ಮಾತು ಸರಪಳಿಯ ಹಾಗೆ. ಮೂರನೆಯದು ಬೇಕಾದರೆ ಮೊದಲನೆಯದರಿಂದಲೇ ಎಳೆಯಬೇಕು. ಒಂದೊಂದೇ ಹೆಸರು ಬೇಕೆಂದಾಗ ಬೇಕಾದಂತೆ ಬರಬೇಕು. ಆಮೇಲೆ ಆ ದಾರಿಯಲ್ಲೇ ನೀರು, ಔಷಧಿ, ನೋವು ಎಂಬ ಪದಗಳನ್ನು ತರಬಹುದು. ಅದಕ್ಕೇ ವಾರಗಟ್ಟಲೆ ನಾನು ಅವರನ್ನು ಸಾಲಿನ ಮಧ್ಯದಲ್ಲಿ ನಿಲ್ಲಿಸುವ ಅಭ್ಯಾಸ ಮಾಡಿಸಿದೆ. ಅವರಿಗೆ ಈಗ ಛಲ ಬಂದಿತ್ತು. ನನ್ನ ಕಾರು ನಿಲ್ಲುವ ಹೊತ್ತಿಗೆ ಕಿಟಕಿಯ ಪಕ್ಕ ಕೂತಿರುತ್ತಿದ್ದರು.

ಅಷ್ಟರಲ್ಲಿ ಇಂಗ್ಲೆಂಡಿನ ಪ್ರಕಾಶಕರಿಂದ ಪುಸ್ತಕದ ಕರಡು ಅಚ್ಚು ಬಂತು. ತಿಂಗಳ ಕೊನೆಗೆ ಒಪ್ಪಿಗೆ ಕಳಿಸಬೇಕಿತ್ತು. ಜೋನ್ ದಿನವೂ ಒಂದೊಂದು ಅಧ್ಯಾಯ ಓದಿ ಹೇಳುತ್ತಿದ್ದರು. ಕೊನೆಯ ಅಧ್ಯಾಯ ಓದಿದ ದಿನ ಆರ್ಥರ್ ಹಾಳೆಗಳನ್ನು ನೆಲಕ್ಕೆ ತಳ್ಳಿದರಂತೆ. ಮರುದಿನ ನಾನು ಹೋದಾಗಲೂ ಮುಖ ಕೆಂಪಾಗಿತ್ತು. ಸಾಲು ಶುರು ಮಾಡಿದರು. “ಆಸ್ಟ್ರಿಡ್, ಹಾಲ್‌ಬ್ರೂಕ್.” ಅಲ್ಲಿ ನಿಂತರು. ನಂತರ ಉಳಿದ ಎರಡನ್ನೂ ಜೋಡಿಸಿ “ಟಾರ್ವಿಕ್-ಮೆರಿಡನ್” ಎಂದರು.

“ಮೆರಿಡನ್, ಟಾರ್ವಿಕ್,” ಎಂದು ನಾನು ತಿದ್ದಿದೆ.

“ನೋ!” ಎಂದು ಮೇಜಿನ ಮೇಲೆ ಹೊಡೆದರು. “ಟಾರ್ವಿಕ್-ಮೆರಿಡನ್. ಟಾರ್ವಿಕ್-ಮೆರಿಡನ್.”

ಪದಗಳ ಕ್ರಮ ಅದಲುಬದಲಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ವರದಿಯಲ್ಲಿ ಹಾಗೆಯೇ ಬರೆದೆ. ಮುಂದಿನ ಎರಡು ಭೇಟಿಗಳಲ್ಲೂ ಇದೇ ನಡೆಯಿತು. ಆದರೆ ನನಗೆ ಒಂದು ವಿಷಯ ಕೊರೆಯುತ್ತಿತ್ತು. ಕಾಯಿಲೆಯ ತಪ್ಪು ದಿನಕ್ಕೊಂದು ಥರ ಇರುತ್ತದೆ. ಇವರು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರು, ಒಂದೇ ಎರಡು ಹೆಸರನ್ನು ತಿರುಗಿಸುತ್ತಿದ್ದರು.

ನನ್ನ ಗಂಡ ದಿನಕರ್ ಮಂಗಳೂರಿನವರು. ಇಲ್ಲಿಗೆ ಬರುವ ಮೊದಲು ಸರಕುಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವರು. ಭಾನುವಾರ ಮಧ್ಯಾಹ್ನ ಹೇವರ್ಡ್ ಹತ್ತಿರದ ನ್ಯೂವಾರ್ಕ್‌ನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ, ರೋಗಿ ಯಾರು, ಎಲ್ಲಿಯವರು ಎಂದು ಹೇಳದೆ, ಹಡಗುಗಳ ವಿಷಯ ಮಾತ್ರ ಕೇಳಿದೆ.

“ರೀ, ನಾಲ್ಕು ಹಡಗು ಸಾಲಾಗಿ ಹೋಗ್ತಿವೆ ಅಂತಿಟ್ಕೊಳ್ಳಿ. ಒಬ್ಬರು ಮೊದಲೆರಡರ ಹೆಸರು ಹೇಳಿ ನಿಲ್ಲಿಸ್ತಾರೆ. ಆಮೇಲೆ ನಾಲ್ಕನೇದು, ಮೂರನೇದು ಅಂತ ಒಟ್ಟಿಗೆ ಹೇಳ್ತಾರೆ. ಏನಿರಬಹುದು?”

“ಮೂರನೇದಕ್ಕೆ ಎಂತಾದರೂ ಆಗಿತ್ತಾ?” ಎಂದರು.

“ಟಾರ್ಪಿಡೊ ಬಿದ್ದು ಮುಳುಗಿತಂತೆ, ಅಷ್ಟೇ ನಾನು ಕೇಳಿದ್ದು.”

ಅವರು ನಾಲ್ಕು ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟರು. ಮೊದಲೆರಡನ್ನು ಮುಂದೆ ಸರಿಸಿದರು. ನಾಲ್ಕನೆಯದನ್ನು ಮೂರನೆಯದರ ಪಕ್ಕಕ್ಕೆ ತಂದು ಒಂದು ಸುತ್ತು ಹಾಕಿಸಿದರು.

“ಅದು ತಪ್ಪು ಅಲ್ಲ ಮಾರಾಯ್ತಿ. ಆ ಜನ ಸಾಲು ಹೇಳ್ತಾ ಇಲ್ಲ, ನಡೆದದ್ದು ಹೇಳ್ತಾ ಉಂಟು. ಎರಡು ಮುಂದೆ ಹೋಯಿತು. ನಾಲ್ಕನೇದು ಮೂರನೇದರ ಹತ್ತಿರ ಉಳಿಯಿತು.”

ನಾನು ಅನ್ನ ಕಲಸಿದ ಕೈಯನ್ನು ಹಾಗೇ ಬಿಟ್ಟು ಲೋಟಗಳನ್ನು ನೋಡುತ್ತಾ ಕೂತೆ.

ಸೋಮವಾರ ಆರ್ಥರ್ ಮನೆಗೆ ಹೋದವಳೇ, ಕೊನೆಯ ಅಧ್ಯಾಯದಲ್ಲಿ ಏನಿದೆ ಎಂದು ಜೋನ್ ಅವರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು. ಒಂದು ಸಂಜೆ ಮೆರಿಡನ್‌ಗೆ ಸಬ್‌ಮರೀನಿನಿಂದ ಟಾರ್ಪಿಡೊ ಬಡಿಯಿತು. ನಿಂತರೆ ಉಳಿದ ಹಡಗುಗಳೂ ಗುರಿಯಾಗುತ್ತವೆ, ಆದ್ದರಿಂದ ಯಾರೂ ನಿಲ್ಲಬಾರದು ಎಂದು ಆದೇಶವಾಯಿತು. ಆದರೂ ಯಾವುದೋ ಒಂದು ಹಡಗು ಹಿಂದೆ ತಿರುಗಿ, ನೀರಿನಲ್ಲಿದ್ದವರ ಬಳಿ ತನ್ನ ದೋಣಿಗಳನ್ನೂ ತೆಪ್ಪಗಳನ್ನೂ ಇಳಿಸಿ ಹೋಯಿತು. ಮರುದಿನ ಬೇರೆ ಹಡಗೊಂದು ಅವರನ್ನು ಎತ್ತಿಕೊಂಡಿತು. ಕತ್ತಲಾಗುತ್ತಿದ್ದ ಹೊತ್ತು, ಎಣ್ಣೆ, ಹೊಗೆ. ತಿರುಗಿದ್ದು ಯಾವ ಹಡಗೆಂದು ಬದುಕಿದವರಿಗೆ ಗೊತ್ತಾಗಲಿಲ್ಲ, ಆದೇಶ ಮೀರಿದ್ದಾದ್ದರಿಂದ ದಾಖಲೆಯಲ್ಲೂ ಬರಲಿಲ್ಲ. ಆರ್ಥರ್ ತಂದೆ ದೂರದಿಂದ ಕಂಡು ಹಾಲ್‌ಬ್ರೂಕ್ ಇರಬೇಕೆಂದು ಅಂದುಕೊಂಡಿದ್ದರು. ಪುಸ್ತಕದಲ್ಲಿ ಹಾಗೆಯೇ ಇತ್ತು. ಟಾರ್ವಿಕ್ ಮಾತ್ರ ಮುಳುಗುತ್ತಿದ್ದವರನ್ನು ದಾಟಿಕೊಂಡು ಹೋದ ಹಡಗು ಎಂಬ ಮಾತು ಹಳೆಯ ನಾವಿಕರ ಕುಟುಂಬಗಳಲ್ಲಿ ಉಳಿದುಬಿಟ್ಟಿತ್ತು. ಅಲ್ಲವೆನ್ನಲು ಆ ಹಡಗಿನವರು ಯಾರೂ ಉಳಿದಿರಲಿಲ್ಲ. ಕೆಲವು ತಿಂಗಳಲ್ಲೇ ಟಾರ್ವಿಕ್ ಕೂಡ ತನ್ನವರೆಲ್ಲರ ಸಮೇತ ಮುಳುಗಿತ್ತು.

ಆರ್ಥರ್ ತಾವೇ ಮರದಲ್ಲಿ ಮಾಡಿದ ನಾಲ್ಕು ಪುಟ್ಟ ಹಡಗುಗಳು ಪುಸ್ತಕದ ಕಪಾಟಿನ ಮೇಲಿದ್ದವು. ಅವನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, “ಆ ಸಂಜೆ ಏನಾಯಿತು, ತೋರಿಸಿ,” ಎಂದೆ.

ಅವರು ಎಡಗೈಯಿಂದ ಮೊದಲೆರಡು ಹಡಗುಗಳನ್ನು ಮೇಜಿನ ಅಂಚಿನವರೆಗೆ ತಳ್ಳಿದರು. ಮೆರಿಡನ್ ಅನ್ನು ಮುಟ್ಟಲಿಲ್ಲ. ಟಾರ್ವಿಕ್ ಅನ್ನು ಅದರ ಸುತ್ತ ನಿಧಾನವಾಗಿ ಎಳೆದು ತಂದು ಬಿಟ್ಟರು.

“ಹಾಲ್‌ಬ್ರೂಕ್ ತಿರುಗಿತಾ?”

“ನೋ.”

ಅಫೇಸಿಯಾ ಇರುವವರಲ್ಲಿ ಹೌದು, ಇಲ್ಲಗಳೂ ಅದಲುಬದಲಾಗಬಹುದು. ಒಂದು ಉತ್ತರವನ್ನು ನಂಬುವಂತಿಲ್ಲ. ಪ್ರಶ್ನೆ ತಿರುಗಿಸಿದೆ. “ಹಾಲ್‌ಬ್ರೂಕ್ ಮುಂದೆ ಹೋಯಿತಾ?”

“ಯೆಸ್.”

“ಟಾರ್ವಿಕ್ ಮುಂದೆ ಹೋಯಿತಾ?”

“ನೋ. ನೋ.”

“ಹಾಗಾದರೆ ಟಾರ್ವಿಕ್...” ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಕಾದೆ.

ಹಣೆಯ ನರ ಉಬ್ಬಿತು. ಬಾಯಿ ಎರಡು ಸಲ ಸುಮ್ಮನೆ ತೆರೆದು ಮುಚ್ಚಿತು. ಜೋನ್ ನೆರವಿಗೆ ಬರಲು ಹೊರಟರು. ನಾನು ಕೈ ಎತ್ತಿ ತಡೆದೆ. ಕೊನೆಗೆ ಬಂತು. “ಟರ್ನ್ಡ್.”

ತಿರುಗಿತು. ಸ್ಟ್ರೋಕ್ ಆದ ಮೇಲೆ ಯಾವ ಬಾಯಿಪಾಠದ ನೆರವೂ ಇಲ್ಲದೆ ಅವರೇ ಹುಡುಕಿ ತಂದ ಮೊದಲ ಪದ ಅದು. ಆರ್ಥರ್ ಮುಖ ಮುಚ್ಚಿಕೊಂಡು ಅತ್ತರು.

ಜೋನ್‌ಗೆ ಆಗ ನೆನಪಾಯಿತು. “ಸ್ಟ್ರೋಕ್ ಆಗೋ ಹಿಂದಿನ ದಿನ ನ್ಯೂಜಿಲೆಂಡಿನಿಂದ ಒಂದು ಫೋನ್ ಬಂದಿತ್ತು. ತುಂಬಾ ಹೊತ್ತು ಮಾತಾಡಿದರು. ನಾಳೆ ನಿನಗೊಂದು ವಿಷಯ ಹೇಳಬೇಕು ಅಂದಿದ್ದರು.”

ಫೋನಿನಲ್ಲಿದ್ದ ನಂಬರಿಗೆ ಅಂದೇ ಕರೆ ಮಾಡಿದರು. ಎತ್ತಿದವರು ಹಾಲ್‌ಬ್ರೂಕ್‌ನ ನಾವಿಕರೊಬ್ಬರ ಮಗ. ತಂದೆ ಮುಪ್ಪಿನಲ್ಲಿ ಹೇಳಿದ್ದನ್ನು ಅವರು ಟೇಪಿನಲ್ಲಿ ಹಿಡಿದಿಟ್ಟಿದ್ದರು. ಅದನ್ನು ಕಳಿಸಿಕೊಟ್ಟರು. ನಡುಗುವ ಆ ಮುದಿ ದನಿ ಹೇಳಿತ್ತು: ನಾವು ಮುಂದೆ ಹೋದೆವು, ನಾನು ಹಿಂಭಾಗದ ಡೆಕ್ಕಿನಲ್ಲಿ ನಿಂತು ನೋಡುತ್ತಿದ್ದೆ, ತಿರುಗಿದ್ದು ಟಾರ್ವಿಕ್. ಪ್ರಕಾಶಕರು ಅಚ್ಚನ್ನು ತಡೆದರು. ಕೊನೆಯ ಅಧ್ಯಾಯ ಬದಲಾಯಿತು. ಜೋನ್ ಬರೆದರು, ಆರ್ಥರ್ ಪ್ರತಿ ವಾಕ್ಯಕ್ಕೂ ಯೆಸ್ ಅಥವಾ ನೋ ಎಂದರು. ನೋ ಹೆಚ್ಚಾಗಿತ್ತು ಎಂದು ಜೋನ್ ನಗುತ್ತಿದ್ದರು.

ಟಾರ್ವಿಕ್‌ನ ಕ್ಯಾಪ್ಟನ್‌ಗೆ ಒಬ್ಬಳೇ ಮಗಳು. ಆಕೆಗೆ ಆಗ ಎಂಬತ್ತರ ಮೇಲೆ ವಯಸ್ಸು, ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿದ್ದರು. ವಿಷಯವನ್ನು ಪುಸ್ತಕದಲ್ಲಿ ಓದುವ ಮೊದಲು ಆಕೆ ತಮ್ಮ ಬಾಯಿಂದಲೇ ಕೇಳಬೇಕು ಎಂದು ಆರ್ಥರ್ ಹಟ ಹಿಡಿದರು; ತಮ್ಮ ಎದೆ ಮುಟ್ಟಿಕೊಂಡು, ಬಾಯಿ ಮುಟ್ಟಿಕೊಂಡು ಅದನ್ನು ನಮಗೆ ತಿಳಿಸಿದರು. ಆಕೆಗೆ ಹೇಳಬೇಕಾದ ಮೂರು ಪದಗಳಿಗಾಗಿ ನಾವು ಹತ್ತಿರ ಹತ್ತಿರ ಒಂದು ತಿಂಗಳು ಅಭ್ಯಾಸ ಮಾಡಿದೆವು. ಕರೆಯ ದಿನ ನಾನೂ ಇರಬೇಕೆಂದು ಕುರ್ಚಿ ತೋರಿಸಿದರು.

ಐಪ್ಯಾಡಿನ ತೆರೆಯ ಮೇಲೆ ಬಿಳಿಕೂದಲಿನ ಒಬ್ಬ ಹೆಂಗಸು ನೆಟ್ಟಗೆ ಕೂತಿದ್ದರು. ಜೋನ್ ಪರಿಚಯ ಹೇಳಿ ಸರಿದರು. ಆರ್ಥರ್ ಮೇಜನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಾ ಹೇಳಿದರು:

“ಯುವರ್... ಫಾದರ್... ಟರ್ನ್ಡ್.”

ನಿಮ್ಮ ತಂದೆ ತಿರುಗಿದರು. ಆಕೆ ಕನ್ನಡಕ ತೆಗೆದರು.

“ನಿಮ್ಮಪ್ಪ ಅಂಥವರಲ್ಲ ಅಂತ ಅಮ್ಮ ಹೇಳ್ತಾನೇ ಇದ್ದಳು,” ಎಂದರು. “ಅಮ್ಮ ಅಲ್ವಾ, ಇನ್ನೇನು ಹೇಳ್ತಾಳೆ ಅಂತ ನಾನು ಅಂದುಕೊಳ್ತಿದ್ದೆ.” ಆಮೇಲೆ ಸಂಕೋಚದಿಂದ ಕೇಳಿದರು, “ಇನ್ನೊಂದು ಸಲ ಹೇಳ್ತೀರಾ?”

ಒಮ್ಮೆ ಬಂದ ಮಾತು ಎರಡನೆಯ ಸಲ ಬರುತ್ತದೆಂಬ ಖಾತರಿ ಈ ಕಾಯಿಲೆಯಲ್ಲಿ ಇಲ್ಲ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಆರ್ಥರ್ ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಸರಾಗವಾಗಿ.

ಆರ್ಥರ್‌ಗೆ ಪೂರ್ತಿ ಮಾತು ಮರಳಲಿಲ್ಲ. ಚಿಕ್ಕ ಚಿಕ್ಕ ಮಾತುಗಳು ಬಂದವು. ಕಾಫಿ ಕೇಳುತ್ತಿದ್ದರು, ಜೋನ್ ಹೆಸರು ಕರೆಯುತ್ತಿದ್ದರು, ನನ್ನನ್ನು ‘ಶೈಲಾ’ ಎನ್ನಲು ಕಲಿತರು. ನಾನು ನಿವೃತ್ತಳಾದ ಮರುವರ್ಷ ತೀರಿಕೊಂಡರು.

ರೋಗಿಯ ಮಾತು ನಾನು ನಿರೀಕ್ಷಿಸಿದಂತೆ ಬರದಿದ್ದರೆ ಅದನ್ನು ತಪ್ಪೆಂದು ಗುರುತಿಸುವ ಮೊದಲು, ಇದರಲ್ಲಿ ನನಗೆ ತಿಳಿಯದ್ದು ಏನಿದೆ ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದು, ಕಲಿಸಿದವರು ಆರ್ಥರ್. ಅವರಿಂದ ಸಿಕ್ಕಿದ್ದು ಅಷ್ಟೇ ಅಲ್ಲ. ಹಸಿವೆ ಎನ್ನಲು, ನೋಯುತ್ತಿದೆ ಎನ್ನಲು ಪದವಿಲ್ಲದ ದಿನಗಳಲ್ಲಿ, ದೇಹದಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಒಬ್ಬ ಮನುಷ್ಯ ಮೊದಲು ಹುಡುಕಿದ್ದು ಬೇರೊಬ್ಬರ ತಂದೆಗಾಗಿ ಒಂದು ಪದವನ್ನು. ಅದು ಹೊರಬಂದ ಘಳಿಗೆಯಲ್ಲಿ ನಾನು ಎದುರಿಗೇ ಕೂತಿದ್ದೆ. ಅಂಥ ಕುರ್ಚಿ ನನಗೆ ಸಿಕ್ಕಿತಲ್ಲ ಎಂದು ಇಂದಿಗೂ ಕೃತಜ್ಞಳಾಗಿದ್ದೇನೆ.