ಕುಲಾವಿ ಕಟ್ಟಿದ ಕುದುರೆ

“ಹತ್ತಬೇಡ ಪುಟ್ಟಿ, ಈ ಕುದುರೆಗೆ ಏನೋ ಕಾಯಿಲೆ” ಎಂದು ಮಗಳ ಕೈ ಹಿಡಿದೆಳೆದೆ. ಎಂಬತ್ತರ ದಶಕದ ಒಂದು ಭಾನುವಾರ, ಮದ್ರಾಸಿನ ಬೆಸೆಂಟ್ ನಗರದ ಬೀಚು. ಕುದುರೆಯ ಎರಡೂ ಕಿವಿಗಳು ಒಳಕ್ಕೆ ಬಾಗಿ, ತುದಿಗಳು ಒಂದಕ್ಕೊಂದು ತಾಗಿದ್ದವು.

ಸವಾರಿ ಮಾಡಿಸುವ ಮುದುಕನಿಗೆ ನನ್ನ ಕನ್ನಡ ಅರ್ಥವಾಗಿಬಿಟ್ಟಿತ್ತು. “ಕಾಯಿಲೆಯಲ್ಲ ಸಾರ್, ಇದು ಗುಜರಾತಿನ ಕಾಠಿಯಾವಾಡದ ತಳಿ” ಎಂದ ತಮಿಳಿನಲ್ಲಿ. “ಅರಬ್ಬೀ ಕುದುರೆ ಅಲ್ಲಿನ ನಾಡಕುದುರೆಯ ಜೊತೆ ಕೂಡಿ ಹುಟ್ಟಿದ್ದು. ಇದರ ಹಿರೀಕರು ರಾಜರನ್ನು ಹೊತ್ತು ಯುದ್ಧಕ್ಕೆ ಹೋದವರು. ಇದರಮ್ಮ ಇಲ್ಲೇ ಮದ್ರಾಸಿನಲ್ಲಿ ಜಟಕಾ ಎಳೆದಳು. ಕಿವಿ ಹೀಗೆ ಕೂಡಿದ್ದರೇನೇ ಅಸಲಿ.”

ನಾನು ನಂಬಲಿಲ್ಲ. ಮಗಳನ್ನು ಪಕ್ಕದ ಕುದುರೆಯ ಮೇಲೆ ಕೂರಿಸಿದೆ. ಅದನ್ನು ನೋಡಿದ ಇನ್ನಿಬ್ಬರು ಅಪ್ಪಂದಿರೂ ತಮ್ಮ ಮಕ್ಕಳನ್ನು ಅತ್ತಲೇ ಕರೆದೊಯ್ದರು.

ಮುಂದಿನ ಭಾನುವಾರ ಆ ಕಿವಿಗಳು ಕಾಣಲಿಲ್ಲ. ಹಸುಗೂಸಿಗೆ ಹಾಕುವಂಥ ಕುಲಾವಿಯನ್ನು ಕೆಂಪು ಬಟ್ಟೆಯಲ್ಲಿ ಹೊಲಿದು ಮುದುಕ ಕುದುರೆಯ ತಲೆಗೆ ಕಟ್ಟಿದ್ದ. “ಈಗ ಮಗು ಹೆದರೋಲ್ಲ, ಕೂರಿಸಿ ಸಾರ್” ಎಂದ. ಕೂರಿಸಿದೆ. ಸುತ್ತು ಮುಗಿಯುವವರೆಗೂ ಅವನ ಮುಖ ನೋಡಲಾಗಲಿಲ್ಲ.

ಈಗ ಮೊಮ್ಮಗಳಿಗೆ ಮಗಳು ಕುಲಾವಿ ಕಟ್ಟುವಾಗ, ಕಿವಿ ಮುಚ್ಚಬೇಡ ಎನ್ನುತ್ತೇನೆ. ಶೀತವಾಗುತ್ತದೆಂದು ಗದರುತ್ತಾಳೆ. ಅವಳಿಗೆ ಆ ಕುದುರೆಯ ನೆನಪಿಲ್ಲ.