ಬೀಡಿ ಮುರಿದ ಬಾಯಮ್ಮ

ಬಾಯಮ್ಮನ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು ಎರಡೂ ನುಣ್ಣಗೆ ಹೊಳೆಯುತ್ತಿದ್ದವು. ಹೊಗೆಸೊಪ್ಪಿನ ಕಂದು ಬಣ್ಣ ಉಗುರಿನ ಬುಡದವರೆಗೂ ಇಳಿದಿತ್ತು. ಇಪ್ಪತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ಒಮ್ಮೆ ರೇಶನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಲು ಹೋದಾಗ ಕಾಗದದ ಮೇಲೆ ಬರೀ ಮಸಿಯ ಬೊಟ್ಟು ಮೂಡಿತಂತೆ. ಸರಿಯಾಗಿ ಒತ್ತಲಿಲ್ಲವೆಂದು ಗುಮಾಸ್ತ ಮೂರು ಸಲ ಗದರಿದ. ಮರುದಿನವೇ ಬಾಯಮ್ಮ ಸಣ್ಣ ಮಗಳ ಸ್ಲೇಟು ಹಿಡಿದು ಕೂತರು. ಹದಿನೈದು ದಿನಗಳಲ್ಲಿ ಸಹಿ ಕಲಿತು, ಅದೇ ಗುಮಾಸ್ತನ ಎದುರು ಹೋಗಿ, ಮೂರು ಸಾಲು ಹಿಡಿಯುವಷ್ಟು ದೊಡ್ಡದಾಗಿ ಹೆಸರು ಬರೆದು ಬಂದರು.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ರೂಢಿ. ಊರಿನಲ್ಲಿ ಎಷ್ಟೋ ಬಾಯಮ್ಮಂದಿರಿದ್ದರು. ನನಗೆ ಮಾತ್ರ ಬಾಯಮ್ಮ ಎಂದರೆ ಇವರೊಬ್ಬರೇ. ಐವತ್ತರ ದಶಕದ ಕೊನೆಗೆ ನಾನು ಮದುವೆಯಾಗಿ ಬಂಟ್ವಾಳಕ್ಕೆ ಬಂದಾಗ, ಪೇಟೆಯ ಹಿಂದೆ ಹೊಳೆಗೆ ಇಳಿಯುವ ದಾರಿಯಲ್ಲಿ ಸಾಲಾಗಿದ್ದ ಐದು ಬಾಡಿಗೆ ಬಿಡಾರಗಳಲ್ಲಿ ಮೂರನೆಯದು ನಮ್ಮದು, ನಾಲ್ಕನೆಯದು ಅವರದು. ನಡುವೆ ಇದ್ದದ್ದು ಮಾಡಿನ ಹಂಚು ಮುಟ್ಟದ ಅರ್ಧಗೋಡೆ. ಅವರ ಮನೆಯ ಸಂಜೆಯ ಪ್ರಾರ್ಥನೆ ನಮಗೆ ಬಾಯಿಪಾಠವಾಗಿತ್ತು. ನಮ್ಮ ಮನೆಯ ಜಗಳ ಅವರಿಗೆ ಬಾಯಿಪಾಠವಾಗಿರಬೇಕು. ಬಾಯಮ್ಮನ ಗಂಡ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದವರು ಎಂದೋ ತೀರಿಹೋಗಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಬೀಡಿ ಕಟ್ಟಿಯೇ ಸಾಕುತ್ತಿದ್ದರು.

ನನ್ನ ಯಜಮಾನರು ಬಟ್ಟೆಯಂಗಡಿಯೊಂದರಲ್ಲಿ ರೈಟರು, ಅಂದರೆ ಲೆಕ್ಕ ಬರೆಯುವವರು. ಸಂಬಳ ಅರವತ್ತು ರೂಪಾಯಿ. ಮದುವೆಯಾದಾಗಲೂ ಅರವತ್ತು, ಎರಡನೆಯ ಮಗು ಹುಟ್ಟಿದಾಗಲೂ ಅರವತ್ತು. ಆರು ವರ್ಷಗಳಲ್ಲಿ ಕುಚ್ಚಲಕ್ಕಿ, ಸೀಮೆಎಣ್ಣೆ, ತೆಂಗಿನೆಣ್ಣೆ ಎಲ್ಲವೂ ಮೇಲೆ ಹತ್ತಿದವು, ಈ ಅರವತ್ತು ಮಾತ್ರ ಕೂತಲ್ಲೇ ಕೂತಿತ್ತು. ಇವರು ವರ್ಷಕ್ಕೊಮ್ಮೆ ಧೈರ್ಯ ಮಾಡಿ ಧಣಿಗಳನ್ನು ಕೇಳುತ್ತಿದ್ದರು. ಧಣಿಗಳು ನಗುನಗುತ್ತಾ "ನೋಡುವ" ಎನ್ನುತ್ತಿದ್ದರು. ಇವರು ಮನೆಗೆ ಬಂದು, ಖರ್ಚು ಸ್ವಲ್ಪ ಕಡಿಮೆ ಮಾಡಬೇಕೆಂದು ನನಗೆ ಹೇಳುತ್ತಿದ್ದರು. ಇನ್ನೆಲ್ಲಿಂದ ಕಡಿಮೆ ಮಾಡುವುದು? ರಾತ್ರಿಯ ಊಟಕ್ಕೆ ನಾನು ಗಂಜಿಯ ತಿಳಿ ಕುಡಿದು, ಅನ್ನವನ್ನು ಮಕ್ಕಳ ಬಟ್ಟಲಿಗೆ ಹಾಕುವುದು ಇವರಿಗೆ ಕಾಣುತ್ತಲೂ ಇರಲಿಲ್ಲ.

ಅದನ್ನು ಕಂಡದ್ದು ಬಾಯಮ್ಮ. ಒಂದು ದಿನ ಬೂತಾಯಿ ಮೀನು ಅಗ್ಗವಾಗಿ ಬಂದಿತ್ತೆಂದು ಒಂದು ಬಟ್ಟಲು ಸಾರು ತಂದು ಕೊಟ್ಟರು. ನಾನು ಪುಣ್ಯಾತ್ಗಿತ್ತಿಯ ಹಾಗೆ, ನನಗೆ ಹಸಿವೇ ಕಡಿಮೆ ಬಾಯಮ್ಮ, ಹೇಗೋ ನಡೆಯುತ್ತದೆ ಎಂದೆ. ಅವರಿಗೆ ಸಿಟ್ಟು ಬಂತು.

"ಹೇಗೋ ನಡೆಯುತ್ತದೆ ಅಂತ ಹೇಳಬೇಡ ಮಗಾ. ಕಡಿಮೆ ತಿನ್ನಲಿಕ್ಕೆ ನಮಗೆ ಯಾರೂ ಕಲಿಸುವುದು ಬೇಡ. ಹೆಚ್ಚು ಕೇಳಲಿಕ್ಕೆ ಕಲಿಸುವವರು ಇದ್ದರೆ ಬರಲಿ, ನಾನು ಕಲಿತೇನೆ. ನಾಳೆ ತಡ್ಪೆ ಹಿಡಿದುಕೊಂಡು ಬಾ."

ತಡ್ಪೆ ಎಂದರೆ ನಾವು ಅಕ್ಕಿ ಕೇರುವ ಮೊರ. ಅದನ್ನು ಮಡಿಲಲ್ಲಿಟ್ಟು, ಅದರಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ ಹರವಿ ಬೀಡಿ ಕಟ್ಟುವುದು. ನನ್ನ ಯಜಮಾನರು ಪೇಟೆಯಲ್ಲಿ ಮುಖ ತೋರಿಸುವುದು ಹೇಗೆಂದು ನಾಲ್ಕು ದಿನ ಮಾತು ಬಿಟ್ಟರು. ಮೊದಲ ವಾರದ ಹಣದಲ್ಲಿ ಮೂರು ಸೇರು ಅಕ್ಕಿ ಬಂದ ಮೇಲೆ ತಾವಾಗಿ ಮಾತಾಡಿದರು.

ಬಾಯಮ್ಮನ ಮನೆವಾರ್ತೆಯನ್ನು ನೋಡಿಯೇ ಕಲಿಯಬೇಕಿತ್ತು. ಹಲಸಿನ ಕಾಲದಲ್ಲಿ ಬೀಜಗಳಿಗೆ ಕೆಮ್ಮಣ್ಣು ಹಚ್ಚಿ ಮಳೆಗಾಲಕ್ಕೆ ಕೂಡಿಡುವರು. ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬಿಸುವರು. ಆದರೆ ಮಕ್ಕಳ ಹುಟ್ಟುಹಬ್ಬಕ್ಕೆ ಹಾಲು ಹಾಕಿದ ಚಾ, ಕ್ರಿಸ್ಮಸ್ಸಿಗೆ ಹೊಸ ಲಂಗ, ಇವೆರಡರಲ್ಲಿ ಒಂದು ಪೈಸೆಯನ್ನೂ ಕಳೆಯಲು ಒಪ್ಪುತ್ತಿರಲಿಲ್ಲ. ಒಮ್ಮೆ ನಾನು ವಾರಪತ್ರಿಕೆಯಲ್ಲಿ ಗೃಹಿಣಿಯರಿಗೆ ಮಿತವ್ಯಯದ ಸಲಹೆಗಳು ಬಂದಿವೆಯೆಂದು ಓದಿ ಹೇಳಿದೆ. ಪೂರ್ತಿ ಕೇಳಿ, "ಇದನ್ನು ಬರೆದವರ ಮನೆಯಲ್ಲಿ ನಿನ್ನೆ ಊಟಕ್ಕೆ ಎಂತ ಪದಾರ್ಥ ಮಾರಾಯ್ತಿ?" ಎಂದರು. ಬಡತನದಲ್ಲೂ ತೃಪ್ತಿಯಿಂದ ಬಾಳಿದರು ಎಂದು ಯಾರನ್ನಾದರೂ ಹೊಗಳುವುದು ಕೇಳಿದರೆ ಇಂದಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಮ್ಮ ತೃಪ್ತಿಯಿಂದ ಬಾಳಿದವರಲ್ಲ.

ನಾವು ಕಟ್ಟಿದ ಬೀಡಿಯನ್ನು ಪೇಟೆಯಲ್ಲಿದ್ದ ಮಂಗಳೂರಿನ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಬೇಕು. ಅಲ್ಲಿಂದಲೇ ಮರುದಿನಕ್ಕೆ ಎಲೆ, ಹೊಗೆಸೊಪ್ಪು ಸಿಗುವುದು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಅದು ಕೂಡ ನನ್ನ ಯಜಮಾನರ ಸಂಬಳದ ಹಾಗೆ ಏಳದೆ ಕೂತದ್ದೇ. ಅದರ ಮೇಲೆ ಇನ್ನೊಂದು ಕ್ರಮವಿತ್ತು. ಮೇಜಿನ ಹಿಂದೆ ಕೂತ ಚೆಕ್ಕರ್ ಇಪ್ಪತ್ತೈದು ಬೀಡಿಯ ಪ್ರತಿ ಕಟ್ಟನ್ನೂ ಬಿಚ್ಚಿ, ಇದು ಸಡಿಲ, ಇದು ವಕ್ರ ಎಂದು ಒಂದೆರಡು ಬೀಡಿ ತೆಗೆದು ಪಕ್ಕದ ಬುಟ್ಟಿಗೆ ಎಸೆಯುವನು. ಎಸೆದದ್ದಕ್ಕೆ ಮಜೂರಿ ಇಲ್ಲ. ಅಷ್ಟೇ ಬೀಡಿ ಮತ್ತೆ ಕಟ್ಟಿ ತುಂಬಿಸಬೇಕು, ಅದಕ್ಕೆ ಎಲೆಯನ್ನೂ ನಾವೇ ಕೊಳ್ಳಬೇಕು. ಬುಟ್ಟಿಗೆ ಬಿದ್ದ ಬೀಡಿ ಎಲ್ಲಿ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದೂ ಉಳಿದವುಗಳ ಜೊತೆ ಹೊಸ ಕಟ್ಟಾಗಿ ಮಂಗಳೂರಿಗೆ ಹೋಗುತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬದಲಿಗೆ ಒಬ್ಬಳು ನಾಲ್ಕು ಮೊಟ್ಟೆ, ಇನ್ನೊಬ್ಬಳು ನುಗ್ಗೆಕಾಯಿ ತಂದು ಮೇಜಿನ ಕೆಳಗೆ ಇಡುವರು. ಅಂದು ಅವಳ ಕಟ್ಟು ಬೇಗ ಪಾಸಾಗುವುದು.

ನಾನೂ ಆ ತಪ್ಪು ಮಾಡಿದೆ. ಅರವತ್ತರ ದಶಕದ ನಡುವೆ, ಅಕ್ಕಿಯೇ ಸರಿಯಾಗಿ ಸಿಗದ ದಿನಗಳು. ಹಿತ್ತಿಲ ಚಪ್ಪರದಲ್ಲಿ ಬೆಳೆದ ಬಸಳೆಯ ಒಂದು ದೊಡ್ಡ ಕಟ್ಟನ್ನು, ನಮ್ಮ ಎರಡು ದಿನದ ಪದಾರ್ಥವನ್ನು, ಚೆಕ್ಕರನ ಮೇಜಿನ ಕೆಳಗೆ ಇಟ್ಟೆ. ನನ್ನ ಹಿಂದೆ ಬಾಯಮ್ಮ ನಿಂತಿದ್ದರು. ಬಗ್ಗಿ, ಬಸಳೆಯ ಕಟ್ಟನ್ನು ಎತ್ತಿ ನನ್ನ ಕಂಕುಳಿಗೆ ತುರುಕಿದರು.

"ಇದು ನಿನ್ನ ಮಕ್ಕಳಿಗೆ" ಎಂದರು. ಆಮೇಲೆ ತಮ್ಮ ಕಟ್ಟುಗಳನ್ನು ಮೇಜಿನ ಮೇಲಿಟ್ಟರು.

ಚೆಕ್ಕರ್ ಅಂದು ಬೇಕೆಂದೇ ಪ್ರತಿ ಕಟ್ಟಿನಿಂದಲೂ ಮೂರು ಮೂರು ಬೀಡಿ ತೆಗೆದ. ಬಾಯಮ್ಮನ ಬೀಡಿಗೆ ಹೆಸರಿಡಲು ಯಾರಿಂದಲೂ ಆಗದು. ಅಷ್ಟು ಒಂದೇ ಅಳತೆ, ಅಷ್ಟು ಬಿಗಿ. ಅವರು ಅವನು ಎಸೆಯುವುದನ್ನೆಲ್ಲ ಕೊನೆಯವರೆಗೂ ನೋಡಿದರು.

"ಇಷ್ಟೂ ಕೆಟ್ಟದ್ದಾ ಅಣ್ಣ?"

"ಕೆಟ್ಟದ್ದೇ. ನಿಮಗೆ ಕಣ್ಣು ಮಂಜಾಗಿದೆ ಬಾಯಮ್ಮ."

"ಹಾಗಾದರೆ ಯಾರಿಗೂ ಬೇಡ ಅಲ್ವಾ?"

ಬುಟ್ಟಿಗೆ ಕೈ ಹಾಕಿ, ತಮ್ಮ ಬೀಡಿಗಳನ್ನು ಹಿಡಿ ಹಿಡಿಯಾಗಿ ತೆಗೆದು, ಅವನ ಮೇಜಿನ ಮೇಲೆಯೇ ಲಟಲಟ ಮುರಿದರು. ಹೊಗೆಸೊಪ್ಪಿನ ಹುಡಿ ಅವನ ಲೆಕ್ಕದ ಪುಸ್ತಕದ ಮೇಲೆಲ್ಲ ಬಿತ್ತು. ಚೆಕ್ಕರನ ಮುಖ ಕೆಂಪಾಯಿತು. ಎಲೆ, ಮಜೂರಿಯ ಲೆಕ್ಕ ಬರೆಯುವ ಅವರ ಪಾಸುಪುಸ್ತಕವನ್ನು ಎಳೆದು ಮೇಜಿನ ಖಾನೆಗೆ ಹಾಕಿದ.

"ನಾಳೆಯಿಂದ ನಿಮಗೆ ಎಲೆ ಇಲ್ಲ. ಎಲ್ಲಿ ಬೇಕಾದರೂ ಹೋಗಿ."

ಎಲೆ ಇಲ್ಲವೆಂದರೆ ಆ ಮನೆಗೆ ಅಕ್ಕಿ ಇಲ್ಲ. ಅವರು ತಿರುಗಿಯೂ ನೋಡದೆ ಮೆಟ್ಟಿಲಿಳಿದರು. ದಾರಿಯುದ್ದಕ್ಕೂ ನಾನು ಅಳುತ್ತಾ, ಎಲ್ಲ ನನ್ನ ಬಸಳೆಯಿಂದ ಆದದ್ದು, ಒಮ್ಮೆ ತಪ್ಪಾಯಿತೆಂದು ಹೇಳಿಬಿಡಿ ಎಂದು ಕಾಡಿದೆ.

"ತಪ್ಪು ನನ್ನದಾದರೆ ಹೇಳ್ತೇನೆ ಮಗಾ. ಅವನದ್ದಕ್ಕೆ ನಾನು ಯಾಕೆ ಹೇಳುವುದು?"

ಮೂರು ವಾರ ಅವರು ಊರಿನ ಮನೆಗಳಲ್ಲಿ ಭತ್ತ ಕುಟ್ಟಿದರು, ಮದುವೆ ಮನೆಗಳಲ್ಲಿ ಪಾತ್ರೆ ತಿಕ್ಕಿದರು. ದೊಡ್ಡ ಮಗಳು ಶಾಲೆ ಬಿಟ್ಟು ಕೆಲಸಕ್ಕೆ ಹೋಗುತ್ತೇನೆಂದು ಹೊರಟಾಗ ಕೆನ್ನೆಗೆ ಒಂದು ಕೊಟ್ಟು ಶಾಲೆಗೇ ಕಳುಹಿಸಿದರು. ಗೋಡೆಯಾಚೆ ರಾತ್ರಿ ಬಟ್ಟಲಿನ ಸದ್ದು ಬೇಗ ನಿಲ್ಲುವುದು ನನಗೆ ಕೇಳುತ್ತಿತ್ತು. ತಡೆಯಲಾಗದೆ ನಾನು ಬ್ರಾಂಚಿನಲ್ಲಿ ಸುಳ್ಳು ಹೇಳಿ ಹೆಚ್ಚು ಎಲೆ ಕೇಳಿ ತಂದೆ. ನನ್ನ ಪುಸ್ತಕದಲ್ಲಿ ಅವರೂ ಕಟ್ಟಲಿ ಎಂದು. ಬಾಯಮ್ಮ ಮೊದಲು ಬೇಡವೆಂದರು, ಮಕ್ಕಳ ಮುಖ ನೋಡಿ ತಡ್ಪೆ ತೆಗೆದರು.

ನಾವು ಮರೆತದ್ದು ಒಂದೇ. ಬೀಡಿಯ ತುದಿ ಮಡಚುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈ. ಎಷ್ಟೋ ವರ್ಷದಿಂದ ನೋಡುತ್ತಿದ್ದ ಚೆಕ್ಕರನಿಗೆ ಅದು ಗೊತ್ತಾಗದೆ ಇದ್ದೀತೇ? ಮರುದಿನ ಮೊದಲ ಕಟ್ಟು ಹಿಡಿದವನೇ ತಲೆ ಎತ್ತಿ ನನ್ನನ್ನು ನೋಡಿದ.

"ಇದು ಬಾಯಮ್ಮನ ಕೈ. ಹೌದಾ ಅಲ್ವಾ?"

ಬಾಯಮ್ಮ ಕಟ್ಟಿದ ಕಟ್ಟುಗಳನ್ನು ಒಂದೊಂದಾಗಿ ಹುಡುಕಿ, ಬಿಚ್ಚಿಯೂ ನೋಡದೆ, ಹತ್ತು ಕಟ್ಟನ್ನೂ ಬುಟ್ಟಿಗೆ ಹಾಕಿದ. "ಎಲ್ಲ ಕೆಟ್ಟದ್ದು. ನೀವಾದರೂ ನೆಟ್ಟಗೆ ಇದ್ದರೆ ನಿಮಗೆ ಎಲೆ ಉಂಟು" ಎಂದ.

ನೆಟ್ಟಗೆ ಇರುವುದು ನನಗೆ ಹೊಸತೇನಲ್ಲ. ಹುಟ್ಟಿದಂದಿನಿಂದ ಅದನ್ನೇ ಮಾಡಿದ್ದೆ. ಅಂದು ಯಾಕೋ ಆಗಲಿಲ್ಲ. ಮನೆಯಲ್ಲಿದ್ದದ್ದು ಮರುದಿನಕ್ಕಾಗುವಷ್ಟೇ ಅಕ್ಕಿ. ಬುಟ್ಟಿಯನ್ನೇ ಎತ್ತಿ ನೆಲಕ್ಕೆ ಬೋರಲು ಹಾಕಿ, ಕೂತುಕೊಂಡು ಮುರಿಯತೊಡಗಿದೆ. ಇನ್ನೂರೈವತ್ತು ಬೀಡಿ ಮುರಿಯುವುದೆಂದರೆ ಒಂದು ಗಳಿಗೆಯ ಕೆಲಸವಲ್ಲ. ಅರ್ಧಕ್ಕೆ ಬರುವಾಗ ನನ್ನ ಪಕ್ಕದಲ್ಲಿ ಯಾರೋ ಬಂದು ಕೂತಂತಾಯಿತು. ಸಾಲಿನಲ್ಲಿ ನನ್ನ ಹಿಂದಿದ್ದ ಮುದುಕಿ, ಬ್ಯಾರಿ ಮುಸ್ಲಿಂ ಹೆಂಗಸು. ಅಷ್ಟು ವರ್ಷದಲ್ಲಿ ಅವರ ಸ್ವರವನ್ನೇ ಯಾರೂ ಕೇಳಿರಲಿಲ್ಲ. ಅವರು ತಲೆಯ ಬಟ್ಟೆ ಸರಿಮಾಡಿಕೊಂಡು, ಒಂದು ಹಿಡಿ ಬೀಡಿ ತೆಗೆದು, ನನ್ನ ಹಾಗೆಯೇ ಮುರಿಯತೊಡಗಿದರು. ಆಮೇಲೆ ಇನ್ನೊಬ್ಬಳು. ಆಮೇಲೆ ಎಲ್ಲರೂ.

ಆ ವಾರವಿಡೀ ಚೆಕ್ಕರ್ ತೆಗೆದದ್ದನ್ನೆಲ್ಲ ನಾವು ಅಲ್ಲೇ ಮುರಿದೆವು. ಎಷ್ಟು ಜನರ ಪುಸ್ತಕ ಕಿತ್ತುಕೊಂಡಾನು? ಬ್ರಾಂಚಿಗೆ ಸಿಗುತ್ತಿದ್ದ ಬಿಟ್ಟಿ ಬೀಡಿ ನಿಂತುಹೋಯಿತು. ಶನಿವಾರ ಬ್ರಾಂಚಿನ ಮಾಲಿಕರೇ ಬಂದರು. ಬಾಯಮ್ಮನಿಗೆ ಹೇಳಿಕಳುಹಿಸಿ, ಇನ್ನು ಮುಂದೆ ಕೆಟ್ಟ ಬೀಡಿಯನ್ನು ಕಟ್ಟಿದವರ ಎದುರೇ ಮುರಿಯಲಾಗುವುದು ಎಂದರು. ಪಾಸುಪುಸ್ತಕ ಹಿಂದೆ ಕೊಟ್ಟು, ಸಮಾಧಾನವಾಯಿತೇ ಎಂದು ಕೇಳಿದರು. ಬಾಯಮ್ಮ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇದು ನಮ್ಮದೇ, ನಮಗೆ ಬಂತು. ಇನ್ನು ಮಜೂರಿಯ ವಿಷಯ ಮಾತಾಡುವ. ಸಾವಿರಕ್ಕೆ ಎಷ್ಟು ಹೆಚ್ಚು ಕೊಡ್ತೀರಿ?"

ಮಾಲಿಕರು ಕೊಡೆ ಎತ್ತಿಕೊಂಡು ಹೊರಟೇಹೋದರು. ಮಜೂರಿ ಏರಿದ್ದು ಮತ್ತೆರಡು ವರ್ಷ ಕಳೆದು. ಅಷ್ಟರಲ್ಲಿ ಅಕ್ಕಿ ಇನ್ನೂ ಮೇಲೆ ಹೋಗಿತ್ತು. ಗೆದ್ದೆವೆಂದು ನಾನು ಬರೆಯುವುದಿಲ್ಲ. ಆದರೆ ಆ ಎರಡು ವರ್ಷ ಒಂದು ಶನಿವಾರವೂ ಬಿಡದೆ ಬಾಯಮ್ಮ ಆ ಪ್ರಶ್ನೆ ಕೇಳಿದರು, ಅವರ ಹಿಂದೆ ನಿಂತು ನಾನೂ ಕೇಳಿದೆ. ನನ್ನ ಮನೆಯಲ್ಲಿ ರಾತ್ರಿ ನನ್ನ ಬಟ್ಟಲಿಗೂ ಅನ್ನ ಬೀಳತೊಡಗಿದ್ದು ಆಗಲೇ. ಇದ್ದದ್ದನ್ನು ನಾಲ್ಕು ಸಮಪಾಲು ಮಾಡಿ ಇವರ ಎದುರೇ ಬಡಿಸಿದೆ. ಇವರು ಮೊದಲ ಸಲ ಪಾತ್ರೆಯ ತಳ ನೋಡಿದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಹೊಗೆಸೊಪ್ಪಿನ ಹುಡಿ ಬಾಯಮ್ಮನ ಎದೆಯನ್ನು ತಿಂದುಹಾಕಿತ್ತು. ಕೆಮ್ಮು ಗೋಡೆಯಾಚೆಯಿಂದ ಹಗಲೂ ಕೇಳುತ್ತಿತ್ತು. ದೊಡ್ಡ ಮಗಳು ಅಷ್ಟರಲ್ಲಿ ಮೂಡುಬಿದಿರೆಯ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಕೊನೆಯ ವಾರ ನಾನು ಅವರ ಹಾಸಿಗೆಯ ಪಕ್ಕದಲ್ಲೇ ತಡ್ಪೆ ಇಟ್ಟು ಕೂರುತ್ತಿದ್ದೆ.

"ನಾನು ಹೋದ ದಿನ ನೀವು ಯಾರೂ ಕೆಲಸ ಬಿಡಬೇಡಿ" ಎಂದರು ಒಂದು ಮಧ್ಯಾಹ್ನ, ನನ್ನ ಕೈಯನ್ನೇ ನೋಡುತ್ತಾ. "ಅಕ್ಕಿಗೆ ಎಷ್ಟು ಕ್ರಯ ಗೊತ್ತುಂಟಲ್ಲ? ಸುಮ್ಮನೆ ಅಳುತ್ತಾ ಕೂತು ಮಜೂರಿ ಕಳಕೊಳ್ಳಬೇಡಿ."

ಒಂದು ಬುಧವಾರ ಅವರು ತೀರಿಕೊಂಡರು. ಗುರುವಾರ ಇಗರ್ಜಿಯ ಅಂಗಳದಲ್ಲಿ ಬ್ರಾಂಚಿನ ಹೆಂಗಸರೆಲ್ಲ ನಿಂತಿದ್ದೆವು, ಹಣೆಗೆ ಕುಂಕುಮ ಇಟ್ಟವರು, ತಲೆಗೆ ಬಟ್ಟೆ ಹೊದ್ದವರು. ಅಂದು ಯಾರ ಮಡಿಲಿಗೂ ತಡ್ಪೆ ಬರಲಿಲ್ಲ. ಒಂದು ದಿನದ ಮಜೂರಿ ಬಿಡುವಷ್ಟು ಶಕ್ತಿ ನಮ್ಮಲ್ಲಿ ಒಬ್ಬಳಿಗೂ ಇರಲಿಲ್ಲ. ಬಿಟ್ಟೆವು.